ದೊರೆಸಾನಿಯ ಜೋಡಿ ಚೊಂಬು

ನಮ್ಮ ಮನೆಯಲ್ಲಿ ಅದನ್ನು ಹೂದಾನಿ ಎಂದು ಕರೆದವರೇ ಇಲ್ಲ. ಅಮ್ಮನಿಗೆ ಅದು ‘ದೊರೆಸಾನಿ ಚೊಂಬು’. ಗಾಜಿನದು, ಮೊಳಕ್ಕಿಂತ ಸ್ವಲ್ಪ ಗಿಡ್ಡ. ದಪ್ಪ ಹೊಟ್ಟೆ, ಅರಳಿದ ಬಾಯಿ, ಕೆಳಗೆ ಪುಟ್ಟ ಪೀಠ. ಮುಟ್ಟಿದರೆ ಬೆರಳಿಗೆ ತಾಗುವಷ್ಟು ಉಬ್ಬಿದ ನೀಲಿ, ಕೆಂಪು ಬಣ್ಣದ ಚಿತ್ತಾರ, ಅಂಚಿಗೆಲ್ಲ ಚಿನ್ನದ ಗೆರೆ. ಹೊಟ್ಟೆಯ ಮೇಲೆ ಒಂದು ಪಕ್ಕಕ್ಕೆ ಬಾಗಿದ ಹೂವಿನ ಗಿಡ, ಕತ್ತಿನ ಸುತ್ತ ಅರಬ್ಬಿ ಅಕ್ಷರ. ಭುಜದ ಮೇಲೆ ಮೂರು ಕಡೆ ಗಾಜಿನದೇ ಸಣ್ಣ ಕಿವಿಗಳು. ಅವು ಯಾಕಿವೆ ಎಂದು ಅಮ್ಮ ತಲೆ ಕೆಡಿಸಿಕೊಂಡವಳಲ್ಲ. ಕನಕಾಂಬರದ ಮಾಲೆ ಕಟ್ಟುವುದಕ್ಕೇ ದೇವರು ಕೊಟ್ಟ ಕಿವಿ ಎಂದು ತೀರ್ಮಾನಿಸಿ ಹಬ್ಬಹಬ್ಬಕ್ಕೂ ಕಟ್ಟುತ್ತಿದ್ದಳು. ಅದರೊಳಗೆ ಗುಲಾಬಿ ಇಡುವುದು ನನ್ನ ಕೆಲಸ. ಹೊಸೂರಿನ ಒಳ್ಳೇ ಗುಲಾಬಿ ವಿಮಾನ ಹತ್ತಿ ಹೋಗುತ್ತದೆ. ಕಾಂಡ ಸೊಟ್ಟಗಿದ್ದವು ನಮ್ಮ ಮಾರ್ಕೆಟ್ಟಿಗೆ ಬರುತ್ತವೆ. ಆ ಚೊಂಬಿನಲ್ಲಿಟ್ಟರೆ ಅವೂ ಚೆನ್ನಾಗಿಯೇ ಕಾಣುತ್ತಿದ್ದವು.

ಇಂಥದೇ ಇನ್ನೊಂದು ದೊಡ್ಡಮ್ಮನ ಮನೆಯಲ್ಲಿತ್ತು. ದೊಡ್ಡಮ್ಮ ಎಂದರೆ ಅಮ್ಮನ ಒಡಹುಟ್ಟಿದ ಅಕ್ಕ, ಡೆಂಕಣಿಕೋಟೆಯಿಂದಾಚೆ ಕಾಡಂಚಿನ ಹಳ್ಳಿಗೆ ಮದುವೆಯಾಗಿ ಹೋದವಳು. ನಮ್ಮ ತಾತ ಬ್ರಿಟಿಷರ ಕಾಲದಲ್ಲಿ ಹೊಸೂರಿನಲ್ಲಿ ಮೇಷ್ಟ್ರಾಗಿದ್ದರು. ಊರಾಚೆಯ ಬಂಗಲೆಯಲ್ಲಿದ್ದ ಒಬ್ಬ ದೊರೆಸಾನಿಗೆ ಕನ್ನಡ, ತೆಲುಗು ಹೇಳಿಕೊಡಲು ಹೋಗುತ್ತಿದ್ದರಂತೆ. ಆಕೆ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟಾಗ ಈ ಜೋಡಿಯನ್ನು ಅಜ್ಜಿಯ ಕೈಗಿಟ್ಟು ಹೋದಳು. ಅಜ್ಜಿಗೆ ಇಬ್ಬರೇ ಹೆಣ್ಣುಮಕ್ಕಳು, ಗಂಡು ಮಕ್ಕಳಿಲ್ಲ. ಹೋಳಿಗೆಯಿಂದ ಹಿಡಿದು ಸೀರೆಯವರೆಗೆ ಎಲ್ಲವನ್ನೂ ಸರಿಪಾಲು ಮಾಡುವುದು ಅವಳ ಪದ್ಧತಿ. ದೊಡ್ಡಮ್ಮನ ಮದುವೆಗೆ ಒಂದು ಚೊಂಬು, ಅಮ್ಮನ ಮದುವೆಗೆ ಇನ್ನೊಂದು. ಪುಣ್ಯಾತ್ಗಿತ್ತಿ, ಜಗಳ ಬರಬಾರದು ಎಂದು ಹಂಚಿದಳು. ಜಗಳ ಬಂದದ್ದು ಅಲ್ಲಿಂದಲೇ.

ಅಕ್ಕತಂಗಿಯರ ಸ್ವಭಾವ ಒಂದಕ್ಕೊಂದು ದೂರ. ಅಮ್ಮನದು ಒಳಗೇ ಕುದಿಯುವ ಜಾತಿ. ದೊಡ್ಡಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ. ನಾನು ಹುಟ್ಟಿದ್ದು ಅಮ್ಮನ ಹೊಟ್ಟೆಯಲ್ಲಾದರೂ ಬಂದಿರುವುದು ದೊಡ್ಡಮ್ಮನ ಗುಣ ಎಂದು ನೆಂಟರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಶಾಲೆಯಲ್ಲಿ ಇಷ್ಟು ವರ್ಷ ಸಮಾಜ ಪಾಠ ಮಾಡಿದವಳಿಗೆ ಸ್ವಲ್ಪ ಕೋಪ ಇಲ್ಲದಿದ್ದರೆ ಮಕ್ಕಳು ಹೆಗಲೇರಿ ಕೂರುತ್ತಾರೆ.

ಅಜ್ಜಿ ಹಾಸಿಗೆ ಹಿಡಿದ ವರ್ಷವೇ ದೊಡ್ಡಮ್ಮನ ಹಳ್ಳಿಗೆ ಆನೆ ನುಗ್ಗಿತು. ಒಕ್ಕಣೆ ಮುಗಿಸಿ ರಾಗಿ ತುಂಬಿಟ್ಟಿದ್ದ ವಾಸನೆಗೆ ಬಂದು ಅಡುಗೆಮನೆಯ ಗೋಡೆಯನ್ನೇ ಒತ್ತಿ ಕೆಡವಿತು. ಗೋಡೆ ಎದ್ದು ನಿಲ್ಲುವವರೆಗೂ ಒಡೆಯುವ ಸಾಮಾನು ನಿನ್ನ ಹತ್ತಿರ ಇರಲಿ ಎಂದು ದೊಡ್ಡಮ್ಮ ಒಂದು ಟ್ರಂಕನ್ನು ನಮ್ಮ ಮನೆಯಲ್ಲಿಟ್ಟು ಹೋದಳು. ಅವಳ ಚೊಂಬು ಹಳೇ ಸೀರೆಯಲ್ಲಿ ಸುತ್ತಿಕೊಂಡು ಆ ಟ್ರಂಕಿನಲ್ಲಿತ್ತು. ಅಮ್ಮನದು ಎಂದಿನಂತೆ ನಡುಮನೆಯ ಗೂಡಿನಲ್ಲಿತ್ತು. ಅಜ್ಜಿಯೂ ನಮ್ಮಲ್ಲೇ ಇದ್ದಳು. ಮೀಯಿಸುವುದು, ಉಣ್ಣಿಸುವುದು, ಬಟ್ಟೆ ಒಗೆಯುವುದು ಎಲ್ಲ ಅಮ್ಮನೇ. ಟ್ರಂಕಿನ ಬೀಗ ತೆಗೆಯಲು ಅವಳಿಗೆ ಪುರುಸೊತ್ತಾದರೂ ಎಲ್ಲಿತ್ತು? ಅಜ್ಜಿ ತೀರಿಕೊಂಡಳು. ಕಾರ್ಯವೆಲ್ಲ ಮುಗಿದ ಮೇಲೆ ದೊಡ್ಡಮ್ಮ ಟ್ರಂಕನ್ನು ವಾಪಸು ತೆಗೆದುಕೊಂಡು ಹೋದಳು.

ಅದಾದ ಸ್ವಲ್ಪ ದಿನಕ್ಕೆ ನಮ್ಮ ಎದುರುಮನೆಗೆ ಒಬ್ಬರು ಟೀಚರ್ ಬಂದರು. ನನ್ನ ಶಾಲೆಯಲ್ಲೇ ಉರ್ದು ಕಲಿಸುವಾಕೆ. ಕಾಫಿಗೆ ಬಂದವರು ಗೂಡಿನ ಮುಂದೆ ನಿಂತು, ಕನ್ನಡಕ ಸರಿಮಾಡಿಕೊಂಡು, ಚೊಂಬಿನ ಕತ್ತಿನ ಅಕ್ಷರ ಓದಿದರು.

“ಅಮ್ಮಾ, ಬರಕತ್ ಅಂತ ಬರೆದಿದೆ! ಸುತ್ತಲೂ ಅದೇ. ಬರಕತ್, ಬರಕತ್.”

ಬರಕತ್ತು ಎಂದರೆ ನಮಗೇನು ಹೊಸ ಮಾತೇ? ಎಷ್ಟು ದುಡಿದರೂ ಬರ್ಕತ್ತಿಲ್ಲ ಎಂದು ದಿನ ಬೆಳಗಾದರೆ ಗೊಣಗುವವರು ನಾವು. ಅಮ್ಮ ಹಿಗ್ಗಿ ಹೀರೆಕಾಯಿಯಾದಳು. ಅವತ್ತೇ ಅಕ್ಕನಿಗೆ ಫೋನು ಮಾಡಿ, “ನಿಂದನ್ನೂ ತೋರಿಸೇ, ಅದ್ರಲ್ಲೂ ಇರುತ್ತೆ,” ಅಂದಳು. ದೊಡ್ಡಮ್ಮ ಚೊಂಬನ್ನು ಚೀಲದಲ್ಲಿಟ್ಟುಕೊಂಡು ಡೆಂಕಣಿಕೋಟೆಗೆ ಹೋಗಿ ಅತ್ತರಿನ ಅಂಗಡಿಯ ಹಿರಿಯ ಸಾಬರಿಗೆ ತೋರಿಸಿದಳು. ಅವರು ಹಿಂದೆ ಮುಂದೆ ತಿರುಗಿಸಿ, ಇದು ಯಾವ ಭಾಷೆಯೂ ಅಲ್ಲ ತಾಯಿ, ಸುಮ್ಮನೆ ಗೀಚಿದ್ದಾರೆ ಎಂದುಬಿಟ್ಟರು. ಅವರನ್ನೂ ತಪ್ಪು ಎನ್ನಲಾರೆ. ಕಂಡದ್ದನ್ನು ಹೇಳಿದರು.

ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ಕೃಷ್ಣಗಿರಿಯಲ್ಲಿ ನೆಂಟರ ಮದುವೆ. ಊಟದ ಪಂಕ್ತಿಯಲ್ಲಿ ಅಮ್ಮ ನನ್ನ ಪಕ್ಕದಲ್ಲಿ ಕೂತಿದ್ದಳು, ಎದುರು ಸಾಲಿನಲ್ಲಿ ದೊಡ್ಡಮ್ಮ. ಸಾರನ್ನ ಕಲೆಸುತ್ತಿದ್ದ ದೊಡ್ಡಮ್ಮ ಇದ್ದಕ್ಕಿದ್ದ ಹಾಗೆ ಎಲ್ಲರಿಗೂ ಕೇಳುವಂತೆ ಶುರು ಮಾಡಿದಳು.

“ಬರ್ಕತ್ತು ನೀನಿಕ್ಕೊಂಡು ನಕಲಿನ ನನ್ ಟ್ರಂಕಿಗಾಕ್ದೆ ಅಲ್ವೇನೇ? ಅವ್ವ ಸಾಯಕ್ಕೆ ಬಿದ್ದಿರೋವಾಗ ಬದ್ಲಾಯ್ಸೋ ಬುದ್ಧಿ ಹೆಂಗ್ ಬಂತೇ ನಿಂಗೆ?”

ಅಮ್ಮನ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವಳು ಕೂಗಾಡಲಿಲ್ಲ. ತುತ್ತನ್ನು ಎಲೆಗೆ ಬಿಟ್ಟು, ಎದ್ದು ನಿಂತು, “ಕಳ್ಳಿ ಮನೆಗೆ ಇನ್ಮೇಲೆ ಬಾಗಿನ ತರಬೇಡಕ್ಕ,” ಎಂದಳು. ಬಂದು ಬಸ್ಸಿನಲ್ಲಿ ಕೂತವಳು ಹೊಸೂರು ಬರುವವರೆಗೂ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ಅಳುತ್ತಿದ್ದಳು.

ಆ ಬಾಗಿನದ ಮಾತು ಎಷ್ಟು ದೊಡ್ಡದು ಎಂದು ಅಮ್ಮನಿಗೆ ಗೊತ್ತಿತ್ತು. ಅಣ್ಣತಮ್ಮಂದಿರಿಲ್ಲ, ಅಜ್ಜಿ ಇಲ್ಲ. ಅಮ್ಮನಿಗೆ ಉಳಿದಿದ್ದ ತವರು ಎಂದರೆ ಅಕ್ಕನೇ. ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರಬೇಕು. ಎರಡು ಮೊರ, ಒಂದರ ಮೇಲೊಂದು ಕವುಚಿ, ಒಳಗೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಬಿಚ್ಚೋಲೆ, ಬಾಚಣಿಗೆ, ಅಂಗೈಯಗಲದ ಒಂದು ಕನ್ನಡಿ. ಅಂಗಡಿಯಲ್ಲಿ ಕೊಂಡರೆ ಅದೊಂದು ಚಿಲ್ಲರೆ ಸಾಮಾನು. ತವರಿನಿಂದ ಬಂದರೆ, ನನ್ನನ್ನು ನೆನೆಯುವವರು ಭೂಮಿಯ ಮೇಲೆ ಇನ್ನೂ ಇದ್ದಾರೆ ಎಂದು ಅರ್ಥ. ಹತ್ತು ಹನ್ನೆರಡು ವರ್ಷ ಅದು ಬರಲಿಲ್ಲ. ಪ್ರತಿ ಗೌರಿ ಹಬ್ಬಕ್ಕೂ ಅಮ್ಮ ಪೂಜೆ ಮುಗಿಸಿ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತಿದ್ದಳು. ಯಾರನ್ನು ಕಾಯ್ತಿದೀಯ ಎಂದರೆ, “ಯಾರನ್ನೂ ಇಲ್ಲ, ಗಾಳಿ ಚೆನ್ನಾಗಿದೆ,” ಅನ್ನುವಳು. ಒಬ್ಬಟ್ಟು ಮಾತ್ರ ಎರಡು ಮನೆಗಾಗುವಷ್ಟು ಮಾಡುವಳು.

ನನಗೆ ತಡೆಯುತ್ತಿರಲಿಲ್ಲ. “ಆ ಹಾಳು ಚೊಂಬನ್ನು ಅವಳಿಗೇ ಕೊಟ್ಟುಬಿಡಮ್ಮ, ಪೀಡೆ ತೊಲಗಲಿ!” ಎಂದು ಒಂದು ಸಲ ಕೂಗಾಡಿದೆ.

“ಕೊಟ್ರೆ ಏನಾಗುತ್ತೆ ಗೊತ್ತಾ?” ಎಂದಳು ಅಮ್ಮ. “ಬದಲಾಯಿಸಿದ್ದು ನಿಜ ಅಂತ ನಾನೇ ಒಪ್ಪಿಕೊಂಡ ಹಾಗಾಗುತ್ತೆ. ನಾನು ಅವಳ ಟ್ರಂಕು ಮುಟ್ಟಿಲ್ಲ ಕಣೇ. ಅವಳು ನಂಬಬೇಕು. ಅಷ್ಟೇ ನಂಗೆ ಬೇಕಾಗಿರೋದು.”

ಹೋದ ವರ್ಷದ ಹಬ್ಬದ ಸಂಜೆ ಕುರ್ಚಿಯಿಂದ ಏಳುವಾಗ ಮಂಡಿ ಹಿಡಿದುಕೊಂಡು, “ಈ ಜನ್ಮಕ್ಕೆ ಇಷ್ಟೇನೇನೋ, ಬಾಗಿನ ಇಲ್ಲದೆನೇ ಹೋಗ್ತೀನಿ,” ಎಂದಳು. ಅಮ್ಮನಿಗೆ ಎಪ್ಪತ್ತು ದಾಟಿತ್ತು. ದೊಡ್ಡಮ್ಮನಿಗೆ ಆಗಲೇ ಎಂಬತ್ತು.

ಎದುರುಮನೆ ಟೀಚರ್‌ಗೂ ಇದು ಕೊರೆಯುತ್ತಿತ್ತು. “ನಾನು ಬಾಯಿ ಮುಚ್ಕೊಂಡು ಕಾಫಿ ಕುಡಿದು ಹೋಗಿದ್ರೆ ಆಗ್ತಿತ್ತು,” ಎಂದು ಪೇಚಾಡುವರು. ಓದಿದ್ದು ಅವರ ತಪ್ಪಲ್ಲ ಎಂದು ನಾವು ಎಷ್ಟು ಹೇಳಿದರೂ ಅವರ ಮನಸ್ಸಿಗೆ ಸಮಾಧಾನವಾಗುತ್ತಿರಲಿಲ್ಲ.

ಈ ಸಲದ ಮೇ ರಜೆಯಲ್ಲಿ ಶಾಲೆಯ ಟೀಚರುಗಳೆಲ್ಲ ಸೇರಿ ಹೈದರಾಬಾದಿಗೆ ಪ್ರವಾಸ ಹೋದೆವು. ಅಲ್ಲೊಂದು ವಸ್ತುಸಂಗ್ರಹಾಲಯ. ಬಿಸಿಲಿಗೆ ತಲೆ ಸಿಡಿಯುತ್ತಿತ್ತು. ಫ್ಯಾನು ಇರುವ ಕಡೆ ನಿಲ್ಲೋಣ ಎಂದು ನಾನೂ ಎದುರುಮನೆ ಟೀಚರೂ ಯಾವುದೋ ಕೋಣೆಗೆ ಹೊಕ್ಕೆವು. ಗಾಜಿನ ಪೆಟ್ಟಿಗೆಯೊಳಗೆ ನಮ್ಮ ಅಮ್ಮನ ಚೊಂಬು!

“ಅಯ್ಯೋ ನಮ್ಮಪ್ಪಾ!” ಎಂದು ನಾನು ಕೂಗಿದ ಕೂಗಿಗೆ ಕಾವಲಿನವನು ಕುರ್ಚಿಯಿಂದ ಎದ್ದ.

ಒಂದಲ್ಲ, ಎರಡು. ನಡುವೆ ಒಂದು ಹಳೆಯ ಗಡಿಯಾರ, ಅದರ ಎಡಕ್ಕೊಂದು, ಬಲಕ್ಕೊಂದು. ಬಣ್ಣ ಸ್ವಲ್ಪ ಬೇರೆ. ಆಕಾರ ಅದೇ, ಕಿವಿ ಅವೇ, ಬಾಗಿದ ಹೂವಿನ ಗಿಡ ಅದೇ. ಎಡಗಡೆಯದರ ಹೂವು ಬಲಕ್ಕೆ ಬಾಗಿತ್ತು, ಬಲಗಡೆಯದರ ಹೂವು ಎಡಕ್ಕೆ. ಎರಡೂ ಗಡಿಯಾರದ ಕಡೆ ತಲೆ ಹಾಕಿ ಒಂದನ್ನೊಂದು ನೋಡುತ್ತಿದ್ದವು. ಟೀಚರ್ ಎಡಗಡೆಯದನ್ನು ಸಲೀಸಾಗಿ ಓದಿದರು. ಬಲಗಡೆಯದಕ್ಕೆ ಬಂದು ತಡವರಿಸಿದರು. ಪೆಟ್ಟಿಗೆಗೆ ಮೂಗು ತಾಗುವಷ್ಟು ಬಗ್ಗಿ, ಬೆರಳಿನಲ್ಲಿ ಗಾಳಿಯಲ್ಲೇ ಬರೆದರು. ಆಮೇಲೆ ನನ್ನ ತೋಳು ಎಷ್ಟು ಬಿಗಿಯಾಗಿ ಹಿಡಿದರೆಂದರೆ ಬಳೆ ಒತ್ತಿತು.

“ಟೀಚರ್, ಇದು ಗೀಚು ಅಲ್ಲ. ಇದು ಉಲ್ಟಾ! ಅದೇ ಮಾತು, ತಿರುಗಿಸಿ ಬರ್ದಿದಾರೆ!”

ಅಲ್ಲಿನ ಗೈಡ್ ಹುಡುಗಿಯನ್ನು ಕೈಹಿಡಿದು ಎಳೆದುಕೊಂಡು ಬಂದೆ. ಅವಳು ಹೇಳಿದ್ದು ಇಷ್ಟು. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಶ್ರೀಮಂತರಿಗೆ ಈಜಿಪ್ಟು, ಸಿರಿಯಾ ಕಡೆಯ ಹಳೇ ಮಸೀದಿಗಳಲ್ಲಿ ತೂಗುತ್ತಿದ್ದ ಗಾಜಿನ ದೀಪಗಳ ಹುಚ್ಚು ಹಿಡಿಯಿತು. ನಿಜವಾದ ಹಳೇ ದೀಪ ಎಷ್ಟು ಮಂದಿಗೆ ಸಿಗಬೇಕು? ಹಾಗಾಗಿ ಫ್ರಾನ್ಸಿನ ಗಾಜಿನ ಕೆಲಸಗಾರರು ಅವನ್ನು ನೋಡಿಕೊಂಡು ಹೊಸದಾಗಿ ಮಾಡತೊಡಗಿದರು, ದೀಪಕ್ಕಲ್ಲ, ಹೂವಿಡುವುದಕ್ಕೆ. ದೀಪದ ಸರಪಳಿ ಸಿಕ್ಕಿಸುವ ಕಿವಿಗಳನ್ನೂ ಹಾಗೇ ಉಳಿಸಿಕೊಂಡರು. ಅಲ್ಲಿನ ಮನೆಗಳಲ್ಲಿ ಚಳಿಗೆ ಬೆಂಕಿ ಹಾಕುವ ಗೂಡಿನ ಮೇಲೆ ನಡುವೆ ಗಡಿಯಾರ, ಎರಡು ಪಕ್ಕಕ್ಕೆ ಜೋಡಿ ಹೂದಾನಿ ಇಡುವ ರೂಢಿ. ಅದಕ್ಕೇ ಒಂದರ ಚಿತ್ತಾರವನ್ನು ಇನ್ನೊಂದಕ್ಕೆ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುತ್ತಿದ್ದರಂತೆ. ಈ ಜೋಡಿ ಬರೆದ ಕೆಲಸಗಾರ ಹೂವಿನ ಜತೆ ಅಕ್ಷರವನ್ನೂ ತಿರುಗಿಸಿಬಿಟ್ಟಿದ್ದಾನೆ. ಪಾಪ, ಅವನಿಗೆ ಅರಬ್ಬಿ ಎಲ್ಲಿಂದ ಬರಬೇಕು? ಬಳ್ಳಿಯೂ ಬಳ್ಳಿಯೇ, ಅಕ್ಷರವೂ ಬಳ್ಳಿಯೇ.

ನನಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎಲ್ಲಿಯ ಫ್ರಾನ್ಸು, ಎಲ್ಲಿಯ ಡೆಂಕಣಿಕೋಟೆ! ಯಾವನೋ ಪುಣ್ಯಾತ್ಮ ಕುಂಚ ಹಿಡಿದು ಒಂದು ಸಾಲು ತಿರುಗಿಸಿದ್ದಕ್ಕೆ ನಮ್ಮಮ್ಮ ಮದುವೆಮನೆಯಲ್ಲಿ ಕಳ್ಳಿಯಾದಳು. ಟೀಚರ್ ನನ್ನ ಬೆನ್ನು ಸವರುತ್ತಾ ತಾವೂ ಕಣ್ಣೊರೆಸಿಕೊಂಡರು.

ಊರಿಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಕುಣಿದಾಡುತ್ತಾಳೆ ಎಂದುಕೊಂಡಿದ್ದೆ. ಅವಳು ಚೊಂಬಿನ ಹೂವನ್ನು ಸುಮಾರು ಹೊತ್ತು ನೋಡಿದಳು. ಬಲಕ್ಕೆ ಬಾಗಿತ್ತು.

“ಅವಳಿಗೆ ಹೇಳೋಕೆ ಹೋಗಬೇಡ,” ಎಂದಳು. “ನಾನು ಹೇಳಿದಾಗ ನಂಬಲಿಲ್ಲ. ಈಗ ಗಾಜು ಹೇಳಿದ್ರೆ ನಂಬ್ತಾಳೆ ಅಂದ್ರೆ, ನನಗಿಂತ ಗಾಜೇ ಹೆಚ್ಚಾಯ್ತಾ?”

“ಆಯ್ತು ಬಿಡು,” ಎಂದೆ. ಆಷಾಢ ಕಳೆಯಿತು, ಶ್ರಾವಣ ಕಳೆಯುತ್ತಾ ಬಂತು. ಅಮ್ಮ ಒಬ್ಬಟ್ಟಿಗೆ ಬೇಳೆ ತರಿಸಿದ್ದನ್ನು ನೋಡಿದೆ. ಮತ್ತೆ ಅದೇ ಕುರ್ಚಿ, ಅದೇ ಗಾಳಿ ಎಂದು ನೆನೆದು ತಲೆ ಕೆಟ್ಟಿತು. ಒಂದು ಭಾನುವಾರ ಶಾಲೆಯ ಕೆಲಸ ಎಂದು ಸುಳ್ಳು ಹೇಳಿ, ‘ಕೋಟೈ, ಕೋಟೈ’ ಎಂದು ಕೂಗುತ್ತಿದ್ದ ಡೆಂಕಣಿಕೋಟೆ ಬಸ್ಸು ಹತ್ತಿಯೇಬಿಟ್ಟೆ.

ದೊಡ್ಡಮ್ಮ ಜಗಲಿಯ ಮೇಲೆ ಕಾಲು ಚಾಚಿ ಅಲಸಂದೆ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಕೈ ನಿಂತಿತು.

“ಯಾರು ಕಳ್ಸಿದ್ರು? ನಿಮ್ಮವ್ವನಾ?”

“ಯಾರೂ ಕಳಿಸಿಲ್ಲ ದೊಡ್ಡಮ್ಮ. ಅಮ್ಮಂಗೆ ಗೊತ್ತೇ ಇಲ್ಲ. ನಿನ್ನ ಚೊಂಬು ನೋಡಬೇಕು, ತಗೊಂಡು ಬಾ.”

“ಇರೋದ್ನೂ ಬದ್ಲಾಯ್ಸಕ್ಕೆ ಬಂದೇನಮ್ಮಿ?”

ನನ್ನ ರಕ್ತ ಕುದಿಯಿತು. “ಬಾಯಿಗೆ ಬಂದದ್ದು ಆಡಬೇಡ! ಎಂಬತ್ತಾಯ್ತು, ನಾಲಿಗೆ ಇನ್ನೂ ಹಾಗೇ ಇದೆಯಲ್ಲ!” ಎಂದುಬಿಟ್ಟೆ. ದೊಡ್ಡಮ್ಮನಿಗೆ ಸಿಟ್ಟು ಬರುವ ಬದಲು ಏನೋ ಖುಷಿಯಾದಂತಿತ್ತು. “ನನ್ ಬಾಯೇ ಕಣಮ್ಮಿ ನಿಂದು,” ಎಂದು ಗೊಣಗುತ್ತಾ ಒಳಗೆ ಹೋಗಿ, ಸೀರೆಯ ಗಂಟನ್ನು ತಂದು ನನ್ನ ಮುಂದೆ ಬಿಚ್ಚಿದಳು. ಹೂವು ಎಡಕ್ಕೆ ಬಾಗಿತ್ತು. ಹೈದರಾಬಾದಿನ ಬಲಗಡೆಯ ಚೊಂಬಿನಂತೆಯೇ.

ಫೋನಿನಲ್ಲಿ ಅಮ್ಮನ ಚೊಂಬಿನ ಫೋಟೋ ತೋರಿಸಿ, ಅಲ್ಲಿ ಕಂಡದ್ದನ್ನೆಲ್ಲ ಹೇಳಿದೆ. ದೊಡ್ಡಮ್ಮ ತಲೆಯಾಡಿಸಿದಳು. “ಫೋನ್‌ನಾಗೆ ಏನ್ ಬೇಕಾರ ಮಾಡ್ತಾರೆ. ಮೊನ್ನೆ ನನ್ ಮಗ ಹುಲಿ ಮ್ಯಾಲೆ ಕುಂತಿರೋ ಹಂಗೆ ಪಟ ಮಾಡ್ಕೊಂಡವ್ನೆ.”

“ಹಾಗಾದರೆ ಒಂದು ಕನ್ನಡಿ ಕೊಡು.”

ಗೋಡೆಯ ಕನ್ನಡಿ ಅಲ್ಲಾಡದ ಹಾಗೆ ಮೊಳೆ ಹೊಡೆದಿತ್ತು. ದೊಡ್ಡಮ್ಮ ಟ್ರಂಕು ತೆರೆದು, ಅತ್ತ ಇತ್ತ ಕೈಯಾಡಿಸಿ, ಅಂಗೈಯಗಲದ ಒಂದು ಕನ್ನಡಿ ತಂದುಕೊಟ್ಟಳು. ಅದರ ಅಂಚಿಗೆ ಕರಿ ಬಿಚ್ಚೋಲೆ ಇನ್ನೂ ಅಂಟಿಕೊಂಡಿತ್ತು. ನೋಡಿದ ತಕ್ಷಣ ನನಗೆ ತಿಳಿಯಿತು. ಬಾಗಿನಕ್ಕೆಂದು ಅಂಗಡಿಯಲ್ಲಿ ಮಾರುವ ಪೊಟ್ಟಣದ ಕನ್ನಡಿ. ತೆರೆದ ಟ್ರಂಕಿನಲ್ಲಿ ಅಂಥ ಪೊಟ್ಟಣಗಳು ಇನ್ನೂ ಇದ್ದವು, ಬಣ್ಣ ಮಾಸಿದವು, ಹೊಸವು. ವರ್ಷ ವರ್ಷವೂ ಕೊಂಡಿದ್ದಾಳೆ, ಕಳಿಸಿಲ್ಲ. ನನ್ನ ಕೋಪವೆಲ್ಲ ಎಲ್ಲಿ ಹೋಯಿತೋ. ದೊಡ್ಡಮ್ಮ ನಾನು ನೋಡಿದ್ದನ್ನು ನೋಡಿ ಟ್ರಂಕಿನ ಮುಚ್ಚಳ ದಡಾರೆಂದು ಹಾಕಿದಳು.

ಕನ್ನಡಿಯನ್ನು ಚೊಂಬಿನ ಪಕ್ಕ ಹಿಡಿದೆ. ಇನ್ನೊಂದು ಕೈಯಲ್ಲಿ ಫೋನಿನ ಫೋಟೋ. “ಈಗ ನೋಡು. ಕನ್ನಡಿ ಒಳಗೆ ಹೂವು ಯಾವ ಕಡೆ ಬಾಗಿದೆ?”

ದೊಡ್ಡಮ್ಮ ಕಣ್ಣು ಕಿರಿದು ಮಾಡಿಕೊಂಡು ಬಗ್ಗಿದಳು. ಕನ್ನಡಿಯಲ್ಲಿ ಹೂವು ಬಲಕ್ಕೆ ಬಾಗಿತ್ತು. ಅವಳಿಗೆ ಅರಬ್ಬಿ ಬಾರದು. ಆದರೆ ರಂಗೋಲಿ ಹಾಕುವ ಕಣ್ಣು. ಕನ್ನಡಿಯೊಳಗಿನ ಒಂದೊಂದು ಸುರುಳಿ, ಒಂದೊಂದು ಚುಕ್ಕೆಯನ್ನೂ ಫೋಟೋದ ಜತೆ ತಾಳೆ ನೋಡಿದಳು. ಎಲ್ಲೂ ತಪ್ಪಲಿಲ್ಲ. ಅವಳ ಚೊಂಬಿನ ಪಕ್ಕದಲ್ಲಿ, ಅವಳೇ ಕೊಂಡ ಬಾಗಿನದ ಕನ್ನಡಿಯೊಳಗೆ, ತಂಗಿಯ ಚೊಂಬು ಕಾಣುತ್ತಿತ್ತು.

“ಹಂಗಾದ್ರೆ ನಂದು ನಕಲಿ ಅಲ್ವಾ?”

“ನಿಂದು ನಕಲಿ ಅಲ್ಲ, ಅವಳದೂ ಅಲ್ಲ. ಇಲ್ಲಾ ಅಂದರೆ ಎರಡೂ ಫ್ರಾನ್ಸಿನ ನಕಲಿ, ಹೇಗೆ ಬೇಕಾದರೂ ಅನ್ನು. ಜೋಡಿ ದೊಡ್ಡಮ್ಮ ಇದು.”

ಅವಳು ಸೋಲುವವಳೇ? “ಆದ್ರೂ ಬದ್ಲಾಯ್ಸಿಲ್ಲ ಅಂತ ಏನ್ ಗ್ಯಾರಂಟಿ?”

“ಎರಡೂ ಒಂದೇ ಆದ ಮೇಲೆ ಬದಲಾಯಿಸಿ ಅವಳಿಗೆ ಬರೋದೇನು? ಅವತ್ತು ಅವಳಿಗೆ ಅಜ್ಜಿ ಬಟ್ಟೆ ಒಗೆಯೋಕೆ ಪುರುಸೊತ್ತಿರಲಿಲ್ಲ, ನಿನ್ನ ಟ್ರಂಕು ತೆಗೀತಿದ್ದಳಾ? ಗಾಜನ್ನ ನಂಬಬೇಡ, ಫೋನನ್ನ ನಂಬಬೇಡ. ನಿನ್ನ ತಂಗೀನ ನಂಬೋಕೆ ಆಗುತ್ತೋ ಇಲ್ವೋ, ಅಷ್ಟು ಹೇಳು!”

ದೊಡ್ಡಮ್ಮ ಕನ್ನಡಿಯನ್ನು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. “ಕತ್ತಲಾಯ್ತದೆ, ಆನೆ ತಿರುಗೋ ಹೊತ್ತು. ಬಸ್ಸಿಗೋಗು,” ಎಂದಳು. ಬರುತ್ತೀನಿ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಕೈತುಂಬ ಅಲಸಂದೆ ಮಾತ್ರ ಕೊಟ್ಟಳು. ಬಸ್ಸಿನಲ್ಲಿ ಕೂತು, ಗುಡ್ಡ ಅಗೆದು ಇಲಿ ಹಿಡಿದಂತಾಯಿತಲ್ಲ ಎಂದು ನನ್ನನ್ನು ನಾನೇ ಬೈದುಕೊಂಡೆ.

ಗೌರಿ ಹಬ್ಬ ಬಂತು. ನಮ್ಮ ಕಡೆ ಶಾಲೆಗೆ ಗಣೇಶನಿಗೆ ರಜೆ, ಗೌರಿಗಿಲ್ಲ. ನಾನು ರಜೆ ಹಾಕಿ ಮನೆಯಲ್ಲೇ ಉಳಿದೆ. ಅಮ್ಮ ಪೂಜೆ ಮುಗಿಸಿ, ಚೊಂಬಿನ ಕಿವಿಗೆ ಕನಕಾಂಬರ ಕಟ್ಟಿ, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡಳು. ಊಟದ ಹೊತ್ತು ಮೀರಿತು. ಬೀದಿಯಲ್ಲಿ ಗಣೇಶನ ಪೆಂಡಾಲಿನವರು ತಮಟೆ ಬಡಿದು ಪರೀಕ್ಷೆ ಮಾಡುತ್ತಿದ್ದರು. ಆ ಗದ್ದಲದ ನಡುವೆಯೇ ಆಟೋ ನಿಂತ ಸದ್ದಾಯಿತು. ಅದರ ಹಿಂದೆಯೇ ದೊಡ್ಡಮ್ಮನ ಗಂಟಲು, ತನ್ನ ಮಗನಿಗೆ.

“ನಿಧಾನ ಕಣ್ಲಾ, ಗಾಜೈತೆ!”

ಅಮ್ಮ ಕುರ್ಚಿಯಿಂದ ಏಳಲು ಹೋಗಿ ಮಂಡಿ ಸಹಕರಿಸದೆ ಅರ್ಧಕ್ಕೇ ನಿಂತಳು. ದೊಡ್ಡಮ್ಮ ಒಳಗೆ ಬಂದವಳು ಹೇಗಿದ್ದೀಯ ಎಂದು ಕೇಳಲಿಲ್ಲ, ಚಪ್ಪಲಿ ಬಿಟ್ಟದ್ದೇ ಮೊರದ ಗಂಟು ಬಿಚ್ಚಿದಳು. ಸೆರಗಿನ ತುದಿಯನ್ನು ಮೊರದ ಮೇಲೆ ಹಿಡಿದು ತಂಗಿಯ ಮುಂದೆ ನಿಂತಳು. ಅಮ್ಮನೂ ಸೆರಗೊಡ್ಡಿದಳು. ಮೊರದೊಳಗಿನ ಬಳೆ ಗಲಗಲ ಎನ್ನುತ್ತಿತ್ತು.

“ಕಳ್ಳಿ ಅಂದೆ ಕಣೇ ನಿನ್ನ,” ಎಂದಳು ದೊಡ್ಡಮ್ಮ. “ಆ ಪಂಕ್ತಿನಾಗೆ. ತುತ್ತು ಬಿಡಿಸ್ಬುಟ್ಟೆ. ಅವತ್ತಿಂದ ನಂಗೂ ಸಾರನ್ನ ಗಂಟ್ಲಾಗೆ ಇಳೀದು.”

“ಗಾಜು ನೋಡಿ ಬಂದೆಯಾ ಅಕ್ಕ?” ಎಂದಳು ಅಮ್ಮ, ನನ್ನ ಕಡೆ ಒಮ್ಮೆ ಕಣ್ಣು ಬಿಟ್ಟು.

“ಗಾಜು ನೋಡಿ ಹದಿನೈದು ದಿನಾತು. ಬರ್ಬೇಕು ಅಂತಿದ್ರೆ ಅವತ್ತೇ ಬತ್ತಿದ್ದೆ. ಇವಳು ಒಂದು ಮಾತು ಕೇಳ್ಬುಟ್ಳು, ತಂಗೀನ ನಂಬಕ್ಕಾಯ್ತದಾ ಅಂತ. ಅದುಕ್ಕೆ ಬಂದೆ.”

ಅಮ್ಮ ಬಾಗಿನವನ್ನು ಎದೆಗೊತ್ತಿಕೊಂಡು ಕುಸಿದು ಕೂತು ಅತ್ತಳು. ನಾನೂ ಅತ್ತೆ. ದೊಡ್ಡಮ್ಮನ ಮಗ ಏನು ಮಾಡುವುದೆಂದು ತಿಳಿಯದೆ ತಮಟೆ ನೋಡಲು ಹೊರಗೆ ಹೋದ.

ಊಟವಾದ ಮೇಲೆ ದೊಡ್ಡಮ್ಮ ತನ್ನ ಚೊಂಬನ್ನು ಗೂಡಿನಲ್ಲಿ ಅಮ್ಮನದರ ಪಕ್ಕ ಇಟ್ಟಳು. ಅಜ್ಜಿ ಹಂಚಿದ ಮೇಲೆ ಅವೆರಡೂ ಒಟ್ಟಿಗೆ ಕೂತದ್ದು ಅದೇ ಮೊದಲು. ಆದರೆ ಏನೋ ಸರಿಹೋಗಲಿಲ್ಲ. ಒಂದರ ಹೂವು ಆಚೆ ಗೋಡೆಗೆ, ಇನ್ನೊಂದರದು ಈಚೆ ಗೋಡೆಗೆ. ಮುನಿಸಿಕೊಂಡು ಬೆನ್ನು ತಿರುಗಿಸಿ ಕೂತವರಂತೆ ಕಂಡವು.

“ಜಾಗ ತಪ್ಪಿದೆ,” ಎಂದೆ ನಾನು. “ಅದನ್ನ ಇಲ್ಲಿಟ್ಟು ಇದನ್ನ ಅಲ್ಲಿಡಬೇಕು.”

ಅಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಅಕ್ಕನ ಸಾಮಾನು ನಾನು ಮುಟ್ಟಲ್ಲ.”

ದೊಡ್ಡಮ್ಮ ಅವಳ ಎರಡೂ ಕೈ ಹಿಡಿದು ಎಳೆದು ತನ್ನ ಚೊಂಬಿನ ಮೇಲಿಟ್ಟಳು. “ಮುಟ್ಟು. ನಿನ್ ಕೈಯಾಗೇ ಬದ್ಲಾಯ್ಸು. ನಾನ್ ಹೇಳ್ತಾ ಇವ್ನಿ, ಬದ್ಲಾಯ್ಸೇ!”

ಅಮ್ಮ ಬದಲಾಯಿಸಿದಳು. ಹೂವುಗಳು ಒಂದರ ಕಡೆಗೊಂದು ತಲೆ ಬಾಗಿಸಿದವು. ಇಬ್ಬರೂ ಮುದುಕಿಯರು ಸೋಫಾದ ಮೇಲೆ ಅಂಟಿಕೊಂಡು ಕೂತು ಅವನ್ನೇ ನೋಡುತ್ತಾ ಒಬ್ಬಟ್ಟು ತಿಂದರು, ಯಾರ ಕೈಯ ಹೂರಣ ಅಜ್ಜಿಯದರ ಹಾಗಿದೆ ಎಂದು ಸಣ್ಣಗೆ ಕಿತ್ತಾಡಿದರು. ಸಂಜೆ ಹೊರಡುವಾಗ ದೊಡ್ಡಮ್ಮನ ಚೊಂಬನ್ನು ಸೀರೆಯಲ್ಲಿ ಸುತ್ತಿ ಗಂಟು ಕಟ್ಟಿದವಳು ಅಮ್ಮನೇ. ನಾನು ಆಟೋ ಕರೆಯಲು ಹೋಗಿದ್ದೆ.

ದೀಪಾವಳಿಯ ಹೊತ್ತಿಗೆ ಎದುರುಮನೆ ಟೀಚರ್ ಕಾಫಿಗೆ ಬಂದರು. ರೂಢಿಯಂತೆ ಗೂಡಿನ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು. ಓದಲು ಹೋದರು, ತಡವರಿಸಿದರು, ನನ್ನ ಮುಖ ನೋಡಿದರು.

“ಟೀಚರ್, ಇದು ಉಲ್ಟಾ ಇರೋದಲ್ವಾ?”

ನಾನು ಎದ್ದು ಹೋಗಿ ನೋಡಿದೆ. ಹೂವು ಎಡಕ್ಕೆ ಬಾಗಿತ್ತು. ಗುಲಾಬಿಯ ಗಡಿಬಿಡಿಯಲ್ಲಿ ಇಷ್ಟು ದಿನ ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ತಿರುಗಿ ಅಮ್ಮನನ್ನು ನೋಡಿದೆ. ಅವಳು ಸೊಪ್ಪು ಸೋಸುತ್ತಿದ್ದಳು, ತಲೆ ಎತ್ತಲಿಲ್ಲ.

“ಏನಮ್ಮಾ ಇದು?”

“ಅವಳ ಮನೇಗೆ ಯಾರಾದ್ರೂ ಓದೋಕೆ ಬಂದ್ರೆ, ಗೀಚು ಅನ್ನಿಸಿಕೋಬಾರದು ನನ್ನಕ್ಕ,” ಎಂದಳು ಅಮ್ಮ. “ಹೂಂ ಕಣೇ, ಬದಲಾಯಿಸಿದೀನಿ. ಏನೀಗ?”